ಹನಗೋಡಿನ ಬೀದಿಗೆ ಬಂದ ಹಾಡು

ಹುಣಸೂರಿನ ಉಮಾಶಂಕರನ ಆರ್ಕೆಸ್ಟ್ರಾ ಹತ್ತದ ಗಣಪತಿ ಪೆಂಡಾಲು ಆ ಸೀಮೆಯಲ್ಲಿರಲಿಲ್ಲ. ಗಿಟಾರು ನೇತುಹಾಕಿಕೊಂಡು ಕಂಡವರ ಹಾಡು ಹಾಡಿಯೇ ಅವನ ತಲೆ ನರೆಯಿತು. ಪಿರಿಯಾಪಟ್ಟಣದಲ್ಲಿ ಜನ ‘ಒನ್ಸ್ ಮೋರ್’ ಅನ್ನುತ್ತಿದ್ದ ಸಂಜೆ, ಮಗಳು ಕಾವ್ಯಶ್ರೀಗೆ ಜ್ವರ ಜಾಸ್ತಿಯಾಗಿದೆ ಎಂದು ಸ್ಟೇಜಿನ ತನಕ ಸುದ್ದಿ ಬಂತು. ಇನ್ನೊಂದು ಹಾಡು ಮುಗಿಸಿ ಬರುತ್ತೇನೆ ಅಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ. ಅವನು ಮನೆ ಮುಟ್ಟುವ ಹೊತ್ತಿಗೆ ಮಗು ಇರಲಿಲ್ಲ.

ತಿಥಿ ಮುಗಿಸಿ ತವರು ಹನಗೋಡಿಗೆ ಹೋದ ಹೆಂಡತಿ ರಾಧಾ ಆಮೇಲೆ ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಅವನು ಹೋದರೆ ಎದ್ದು ಒಳಗೆ ನಡೆಯುವಳು.

ತೊಂಬತ್ತೆಂಟರಲ್ಲಿ ಅವನು ಮೊದಲ ಸಲ ಸ್ವಂತ ಹಾಡು ಕಟ್ಟಿದ. ಕುಣಿಸುವ ಹಾಡು ಒಂದೂ ಇರಲಿಲ್ಲ. ಗಿಟಾರು ನರಳುತ್ತಿತ್ತು, ಆರ್ಕೆಸ್ಟ್ರಾದ ಚನ್ನಬಸವಣ್ಣನ ಡ್ರಮ್ಮು ಹಿಂದೆ ನಿಧಾನವಾಗಿ ಬಡಿಯುತ್ತಿತ್ತು, ಕ್ಯಾಸೆಟ್ಟಿನ ತುಂಬ ಮಗಳೇ.

“ಅಣ್ಣ, ಈ ಅಳುಮುಂಜಿ ಕ್ಯಾಸೆಟ್ಟ ಯಾರ್ ಕೊಂಡ್ಕತಾರೆ?” ಅಂದ ಚನ್ನಬಸವಣ್ಣ.

“ರಾಧಾ ಒಬ್ಳು ಕೇಳುದ್ರೆ ಸಾಕು ಕಣೋ. ಕೇಳಿ ಬಯ್ಲಿ ಬೇಕಾದ್ರೆ. ಮಾತಾಡ್ಲಿ.”

ಕಳಿಸಿದ ಕ್ಯಾಸೆಟ್ಟನ್ನು ಅವಳು ಮುಟ್ಟದೆ ವಾಪಸು ಕಳಿಸಿದಳು. ಆಗ ಅವನಿಗೊಂದು ದರಿದ್ರ ಉಪಾಯ ಹೊಳೆಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಹನಗೋಡಿಗೆ ಹೋಗಿ ಮೈಕ್ ಸೆಟ್ ಕರಿಯಯ್ಯನ ಕೈಗೆ ಕ್ಯಾಸೆಟ್ ಕೊಟ್ಟು, ರಾಧಾಗೆ ಕೇಳುವ ಹಾಗೆ ಹಾಕು ಅಂದ.

ಕರಿಯಯ್ಯ ಒಂದು ಹಾಡಿನ ತುಣುಕು ಕೇಳಿದ, ಅವನ ಕೆಂಪು ಕಣ್ಣು ನೋಡಿದ. ಬೆಳಗಿನ ಹೊತ್ತು ಶೋಕದ ಪದ ಹಾಕಿಸುವುದು ಆ ಊರಲ್ಲಿ ಸಾವಿನ ಮನೆಯವರು ಮಾತ್ರ. ಸಾವಿನ ಮನೆಯವರನ್ನು ಕೆದಕಿ ಕೇಳಬಾರದು. ಕರಿಯಯ್ಯ ಏನೂ ಕೇಳದೆ ರಾಧಾಳ ಮನೆಯೆದುರಿನ ಬೇವಿನ ಮರಕ್ಕೆ ಹಾರ್ನ್ ಕಟ್ಟಿ ಹಚ್ಚಿಬಿಟ್ಟ.

ಎರಡನೆಯ ಹಾಡಿಗೆ ಬೀದಿ ತುಂಬಿತು. ಗಂಡಸರು ಚಟ್ಟಕ್ಕೆ ಬಿದಿರು ಹೊತ್ತು ತಂದರು. ಮುದುಕಿ ಕೆಂಪಾಜಮ್ಮ ಎದೆ ಬಡಿದುಕೊಳ್ಳುತ್ತ ಬಂದು ರಾಧಾಳನ್ನು ತಬ್ಬಿದಳು. “ಯಾರವ್ವಾ ಓಗ್ಬುಟ್ಟೋರು? ಅಯ್ಯೋ, ಮಗೀನ ಮಣ್ಣು ಮಾಡ್ದೋಳ್ಗೆ ಇನ್ನೂ ಏನವ್ವಾ ಬಂತು?”

ಮರದಡಿ ನಿಂತಿದ್ದ ಉಮಾಶಂಕರನಿಗೆ ಆಗ ತಿಳಿಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ರಾಧಾ ಮುದುಕಿಯನ್ನು ಬಿಡಿಸಿಕೊಂಡು ನೇರ ಅವನ ಹತ್ತಿರ ಬಂದಳು.

“ಅವತ್ತೂ ಇಂಗೇ ಊರೋರೆಲ್ಲ ಬಂದಿದ್ರು,” ಅಂದಳು. “ನೀವು ಮೈಕ್ ಮುಂದೆ ಆಡ್ತಿದ್ರಿ. ಇವತ್ತೂ ಬಾಗ್ಲಿಗೆ ನೀವು ಬರ್ನಿಲ್ಲ, ಮೈಕ ಕಳುಸುದ್ರಿ.”

ಅವನು ಅಷ್ಟು ದಿನ ಕಾದಿದ್ದ ಮಾತು ಅದೇ. ಅಂದವಳೇ ಅವಳು ಒಳಗೆ ನಡೆದಳು.

ಜನ ಬೈದುಕೊಂಡು ಬಿದಿರು ಎತ್ತಿಕೊಂಡು ಚದುರಿದರು. ಹಾರ್ನ್ ಇಳಿಸುತ್ತ ಕರಿಯಯ್ಯ ಸಂಕೋಚದಿಂದ ಕೇಳಿದ: “ತಪ್ಪಾಯ್ತು ಸ್ವಾಮಿ. ಆದ್ರೂ ಕ್ಯಾಸೆಟ್ಟು ವಸಿ ಚೆನ್ನಾಗದೆ. ಸಾವ್ನ ಮನೇಗೆ ಬೇಕಾಯ್ತದೆ, ಇಲ್ಲೇ ಬುಟ್ಟೋಗಿ.”

ಉಮಾಶಂಕರ ಬಿಟ್ಟುಹೋದ. ಈಗ ಹನಗೋಡಿನಲ್ಲಿ ಯಾರು ಸತ್ತರೂ ಹೊತ್ತು ಮೂಡುವಾಗಲೇ ಅವನ ದನಿ ಕೇಳುತ್ತದೆ. ರಾಧಾ ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಪಕ್ಕದ ಮನೆಯವರನ್ನು ಕೇಳುತ್ತಾಳೆ, ಇವತ್ತು ಯಾರು ಹೋದರು ಎಂದು.