ಹೊತ್ತು ಮುಳುಗುವ ಮುಂಚಿನ ಊಟ

ಅಲ್ಲಪ್ಪ ಮಾಸ್ತರರ ಸಾಲೆಗೆ ಸ್ವಂತದ ಒಂದು ಗೋಡೆಯೂ ಇರಲಿಲ್ಲ. ದತ್ತವಾಡದ ಆಚೆಗಿನ ಆ ಹಳ್ಳಿಯಲ್ಲಿ ಜೈನರ ಬಸದಿಯ ಹೊರಪಡಸಾಲೆಯೇ ಸಾಲೆ. ನೂಲ ಎಂಬ ಊರಿನಿಂದ ಬಂದ ಈ ಲಿಂಗಾಯತ ಮಾಸ್ತರರು ಮೊದಲ ವರ್ಷ ನೊಣ ಹೊಡೆಯುತ್ತ ಕೂತಿದ್ದರು ಎನ್ನೋಣವೆಂದರೆ, ಬಸದಿಯಲ್ಲಿ ಅದೂ ಪಾಪ. ಆಮೇಲೆ ಮನೆಮನೆ ಅಲೆದು, ಒಬ್ಬರಿಗೆ ಕಾಕಾ ಎಂದು, ಇನ್ನೊಬ್ಬರಿಗೆ ಕೈಮುಗಿದು, ಅಂತೂ ಹುಡುಗರನ್ನು ಕೂಡಿಸಿದರು. ಬಾಳಕ್ಕನ ಮನೆಯಿಂದ ಮೊಮ್ಮಗ ಸುಕುಮಾರ ಬಂದ. ಮೊಮ್ಮಗಳು ರತ್ನಮಾಲಾಳನ್ನು ಮಾತ್ರ ಆ ಮುದುಕಿ ಕಳಿಸಲೊಲ್ಲಳು.

ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಕೊಲ್ಲಾಪುರದಿಂದ ಸುದ್ದಿ ಬಂತು. ಸಾಲೆಗಳ ಮೇಲಿನ ಅಧಿಕಾರಿ ದಿಪೋಟಿ ಸಾಹೇಬರು ತಪಾಸಣೆಗೆ ಬರುತ್ತಾರೆ, ಮಕ್ಕಳು ಕಡಿಮೆ ಕಂಡರೆ ಸಾಲೆಯನ್ನು ಕಿತ್ತು ಹೊಳೆಯಾಚೆಯ ಊರಿಗೆ ಕೊಡುತ್ತಾರೆ ಎಂದು. ಮಾಸ್ತರರ ನೌಕರಿ ಎಲ್ಲಿಯಾದರೂ ನಡೆದೀತು, ಆದರೆ ಈ ಹುಡುಗರು ಹೊಳೆ ದಾಟಿ ಕಲಿಯಲು ಹೋಗುವವರಲ್ಲ.

ತಪಾಸಣೆಯ ದಿನ ಹುಡುಗರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಮುಂಜಾನೆಯೇ ಬಂದು ಕೂತರು. ಮಧ್ಯಾಹ್ನ ಕಳೆದರೂ ಸಾಹೇಬರ ಪತ್ತೆಯಿಲ್ಲ. ಅವರ ಗಾಡಿ ಹೊಳೆಯ ಉಸುಕಿನಲ್ಲಿ ಹೂತುಹೋಗಿದೆ, ಎಬ್ಬಿಸಾಕತ್ತಾರೆ ಎಂದು ಕಬ್ಬಿನ ಹೊಲದವರು ಹೇಳಿ ಹೋದರು. ಚಳಿಗಾಲದ ಹೊತ್ತು ಯಾರಿಗೆ ಕಾಯುತ್ತದೆ? ಬಿಸಿಲು ಕೆಂಪಾಯಿತು. ಜೈನರ ಮನೆಗಳಲ್ಲಿ ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ತಪ್ಪಿತೋ, ಮರುದಿನ ಸೂರ್ಯ ಕಾಣುವ ತನಕ ಉಪವಾಸವೇ. ತಾಯಂದಿರು ಒಬ್ಬೊಬ್ಬರಾಗಿ ಬಂದು ಬಸದಿಯ ಮುಂದೆ ನಿಂತರು. ಮಾಸ್ತರರ ಮೇಲಿನ ಮರ್ಯಾದೆಗೆ ಬಾಯಿ ಬಿಡಲಿಲ್ಲ, ಅಷ್ಟೆ. ಬಾಳಕ್ಕ ಬಿಟ್ಟಳು.

"ಮಾಸ್ತರ್ರ, ಹೊತ್ತು ಮುಳಗಾಕತ್ತೈತಿ. ಮುಂಜಾನೆ ಉಂಡ ಹುಡುಗರದಾವ್ರಿ ಇವು."

ಇನ್ನೊಂದು ಗಳಿಗೆ ತಡೆಯಿರಿ ಎಂದು ಮಾಸ್ತರರು ಕೈಮುಗಿದರು. ತಿರುಗಿ ನೋಡಿದರೆ ಹುಡುಗರು ಬರೆಯುವ ಪಾಟಿ ಬಿಟ್ಟು ಸೂರ್ಯನನ್ನೇ ನೋಡುತ್ತಿದ್ದರು. ಸುಕುಮಾರ ಹೊಟ್ಟೆ ಒತ್ತಿ ಹಿಡಿದಿದ್ದ.

"ಹೋಗ್ರೆಪ್ಪಾ," ಎಂದರು, "ಉಣಹೋಗ್ರಿ."

ಅವರು ಹೋದದ್ದಕ್ಕೂ ಸಾಹೇಬರ ಗಾಡಿ ಬಂದದ್ದಕ್ಕೂ ಸರಿಹೋಯಿತು. ಪಡಸಾಲೆಯಲ್ಲಿ ಉಳಿದಿದ್ದವರು ಊಟಕ್ಕೆ ಹೊತ್ತಿನ ಕಟ್ಟಿಲ್ಲದ ಮೂರೋ ನಾಲ್ಕೋ ಲಿಂಗಾಯತ ಹುಡುಗರು. ದಣಿದು, ಮೊಣಕಾಲ ತನಕ ಒದ್ದೆ ಉಸುಕು ಮೆತ್ತಿಕೊಂಡಿದ್ದ ಸಾಹೇಬರು ಮಕ್ಕಳೆಲ್ಲಿ ಎಂದು ಮರಾಠಿಯಲ್ಲಿ ಕೇಳಿದರು.

"ಉಣ್ಣಾಕ ಹೋಗ್ಯಾರ್ರಿ. ನಾನ ಕಳಿಸೇನ್ರಿ."

ಇಂಥ ನೆವಗಳನ್ನು ಊರೂರಲ್ಲಿ ಕೇಳಿ ಸಾಹೇಬರ ಕಿವಿ ತೂತಾಗಿತ್ತು. ಕಾಣದ ಮಕ್ಕಳನ್ನು ತಾನು ಹೇಗೆ ನಂಬಲಿ ಎಂದು ಗಾಡಿಯತ್ತ ತಿರುಗಿದರು. ಮಾಸ್ತರರು ತಡೆಯಲಿಲ್ಲ. ಖಾಲಿ ಪಡಸಾಲೆಯಲ್ಲಿ ಬಿದ್ದಿದ್ದ ಪಾಟಿಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು.

ಅಷ್ಟರಲ್ಲಿ ಓಣಿಯಿಂದ ಗದ್ದಲ ಕೇಳಿತು. ಹುಡುಗರು ಓಡಿ ಬರುತ್ತಿದ್ದರು. ಕೆಲವರ ಕೈ ಇನ್ನೂ ಒದ್ದೆ, ಕೆಲವರ ತುಟಿಯ ಮೇಲೆ ಮಜ್ಜಿಗೆ. ಯಾರೂ ಕರೆದಿರಲಿಲ್ಲ. ಹೇಳಿಸಿಕೊಳ್ಳದೆ ತಮ್ಮ ತಮ್ಮ ಜಾಗದಲ್ಲಿ ಕೂತರು, ಪಡಸಾಲೆ ಕಿಕ್ಕಿರಿಯಿತು. ಎಲ್ಲರ ಹಿಂದೆ ಬಾಳಕ್ಕ ಏದುಸಿರು ಬಿಡುತ್ತ ಬಂದಳು. ಅವಳ ಕೈಯಲ್ಲಿ ರತ್ನಮಾಲಾಳ ಕೈ.

"ಸಾಹೇಬ್ರ, ನಮ್ಮ ಹುಡುಗರು ಉಪಾಸ ಬೀಳಬಾರದಂತ ಈ ಮನಶ್ಯಾ ತನ್ನ ಸಾಲೀನ ಬಿಟ್ಟಕೊಟ್ಟಾನ್ರಿ," ಎಂದಳು. ಆಮೇಲೆ ಮೊಮ್ಮಗಳನ್ನು ಮುಂದಕ್ಕೆ ದೂಡಿದಳು. "ಇಕೀನೂ ಎಣಿಸ್ಕೋರಿ."

ಸಾಹೇಬರು ಎಣಿಸಲಿಲ್ಲ. ಸಾಲೆ ಇಲ್ಲೇ ಇರಲಿ ಎಂದಷ್ಟೇ ಹೇಳಿದರು.

ಸಾಲೆಗೆ ಬಂದ ಹೊಸ ಮಗುವಿನ ಹೆಸರು ಕೇಳುವುದು ಮಾಸ್ತರರ ರೂಢಿ. ರತ್ನಮಾಲಾಳ ಮುಂದೆ ಬಗ್ಗಿ ನಿಂತರು, ಕೇಳುವುದನ್ನೇ ಮರೆತು ಪಾಟಿಯೊಂದನ್ನು ಅವಳ ಕೈಗಿತ್ತರು. ಹುಡುಗಿ ಅವರ ಮುಖ ನೋಡಿ, ತಾನಾಗಿಯೇ ಹೆಸರು ಹೇಳಿ ತಮ್ಮ ಸುಕುಮಾರನ ಪಕ್ಕದಲ್ಲಿ ಕೂತಳು.