ಹಳೇ ಟೇಪಿನ ಎರಡಿಂಚು

ಊರಿಗೆಲ್ಲ ಅಳತೆ ತೆಗೆಯುವವಳಿಗೇ ಯಾರೋ ತಪ್ಪು ಅಳತೆ ಹೇಳಿದರೆ ಸುಮ್ಮನಿರುತ್ತಾಳೆಯೇ? ಗಿರಾಕಿಗಳೆಲ್ಲ ಕತ್ತರಿ ಅಕ್ಕ ಎಂದು ಕರೆಯುವ ದರ್ಜಿ ಹೆಂಗಸು ಡಾಕ್ಟರಮ್ಮನ ಮುಂದೆ ಕೂತು ಅವರನ್ನು ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದಳು. ಸೊಂಟ ನಲವತ್ನಾಲ್ಕು ಇಂಚು ಎಂದು ನರ್ಸು ಚೀಟಿಯಲ್ಲಿ ಬರೆದಿದ್ದಳು. ಬೆಳಿಗ್ಗೆ ಅಂಗಡಿಯಲ್ಲಿ ತಾನೇ ಅಳೆದುಕೊಂಡಾಗ ನಲವತ್ತೆರಡಿತ್ತು. ಎರಡು ಗಂಟೆಯಲ್ಲಿ ಎರಡಿಂಚು ಊದಲು ಅವಳೇನು ಕುಂಬಳಕಾಯಿಯೇ?

"ಮಂಡಿ ಸವೆದಿದೆ. ಹೆಬ್ಬೆರಳಿನ ಬುಡದ ಕೀಲೂ ಸವೆದಿದೆ. ರಕ್ತದಲ್ಲಿ ಸಕ್ಕರೆನೂ ಜಾಸ್ತಿ. ತೂಕ ಇಳಿಸ್ಬೇಕು," ಎಂದರು ಡಾಕ್ಟರಮ್ಮ.

"ಮಂಡಿ ಸರಿ, ಪಾಪ, ಭಾರ ಹೊರುತ್ತೆ. ಹೆಬ್ಬೆರಳಿಗೇನ್ರೀ ಬಂತು? ನಾನೇನು ಕೈ ಮೇಲೆ ನಡೀತೀನಾ?"

ಡಾಕ್ಟರಮ್ಮ ನಕ್ಕರು. "ಕೊಬ್ಬು ಅಂದ್ರೆ ಬರೀ ಹೊರೆ ಅಲ್ಲಮ್ಮ. ಅದು ಸುಮ್ನೆ ಕೂತಿರಲ್ಲ, ಊತ ಎಬ್ಬಿಸೋ ಪದಾರ್ಥಗಳನ್ನ ರಕ್ತಕ್ಕೆ ಬಿಡ್ತಾ ಇರುತ್ತೆ. ರಕ್ತ ಬೆರಳಿಗೂ ಹೋಗುತ್ತಲ್ವಾ? ಜೊತೆಗೆ ಇಪ್ಪತ್ತೆರಡು ವರ್ಷ ಕತ್ತರಿ ಆಡಿಸಿದ ಕೈ ಬೇರೆ. ಸವೆದಿದ್ದು ಮತ್ತೆ ಬೆಳೆಯಲ್ಲ. ಆದ್ರೆ ಸ್ವಲ್ಪ ತೂಕ ಇಳಿಸಿ, ದಿನಾ ನಡೆದ್ರೆ ನೋವು ತಗ್ಗಬಹುದು. ಕತ್ತರಿಗೆ ಸದ್ಯಕ್ಕೆ ರಜೆ ಕೊಡಿ."

ಕತ್ತರಿಗೆ ರಜೆ! ಅವಳು ತಟ್ಟನೆ ತಿರುಗಿ ಬಾಗಿಲ ಬಳಿ ನಿಂತಿದ್ದ ನಾದಿನಿಯನ್ನು ನೋಡಿದಳು. ನಾದಿನಿ ತಲೆ ತಗ್ಗಿಸಿದಳು. ಓಹೋ, ಇದೆಲ್ಲ ಇವಳದೇ ಕಿತಾಪತಿ! ಒಳಗೆ ಬರುವ ಮೊದಲು ನರ್ಸಿನ ಜೊತೆ ಗುಸುಗುಸು ಮಾತಾಡಿದ್ದು ಇದಕ್ಕೇ ಇರಬೇಕು.

ಅನುಮಾನ ಇವತ್ತಿನದಲ್ಲ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವಳು, ಹೊಲಿಯುವುದು ನಾದಿನಿ. ಆ ದೊಡ್ಡ ಕತ್ತರಿಯನ್ನು ಇನ್ನೊಬ್ಬರು ಮುಟ್ಟಿದ್ದೇ ಇಲ್ಲ. ಮಂಡಿ ಕೈಕೊಟ್ಟ ಮೇಲೆ ಗಿರಾಕಿಗಳ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವ ಕೆಲಸವೂ ನಾದಿನಿಯ ಪಾಲಾಯಿತು. ಅಲ್ಲಿಂದಲೇ ಬಟ್ಟೆಗಳೆಲ್ಲ ದೊಗಲೆ! ಮೂರು ಕೋಟು ವಾಪಸ್ಸು ಬಂದವು. ಬರೆದಷ್ಟನ್ನೇ ತಾನು ಕತ್ತರಿಸಿದ್ದು; ಹಾಗಿದ್ದರೆ ತಪ್ಪು ಬರೆದವರು ಯಾರು? ಸಾಲದ್ದಕ್ಕೆ ನಾದಿನಿ ದಿನಾ ಸಂಜೆ ಒಂದು ಚೀಲ ಮನೆಗೆ ಒಯ್ಯುತ್ತಾಳೆ. ಕೇಳಿದರೆ "ಏನಿಲ್ಲ ಅತ್ತಿಗೆ." ತನ್ನ ಹೆಸರು ಕೆಡಿಸಿ ಕತ್ತರಿ ಕಿತ್ತುಕೊಳ್ಳುವ ಹುನ್ನಾರ, ಇನ್ನೇನು!

ಅಂಗಡಿಗೆ ಮರಳಿ, ನಾದಿನಿ ಮಾತ್ರೆ ತರಲು ಹೋದದ್ದೇ ತಡ, ಅವಳು ಆ ಚೀಲವನ್ನು ಮೇಜಿನ ಮೇಲೆ ಸುರಿದಳು. ಎರಡು ಕೋಟು, ನಾಲ್ಕು ಅಂಗಿ. ಎಲ್ಲವೂ ತಾನು ಕತ್ತರಿಸಿದ್ದವೇ. ಪಕ್ಕದ ಹೊಲಿಗೆ ಬಿಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಒಳಕ್ಕೆ ಹಿಡಿದು ಮತ್ತೆ ಹೊಲಿದಿತ್ತು. ತಾನೇ ಕೆಡಿಸಿ ತಾನೇ ರಿಪೇರಿ ಮಾಡುವ ಕಳ್ಳಿ ಎಲ್ಲಾದರೂ ಉಂಟೇ?

ಹೊಲಿಗೆ ಯಂತ್ರದ ಮೇಲೆ ನಾದಿನಿಯ ಹೊಸ ಟೇಪಿತ್ತು. ಅವಳು ಅದನ್ನು ಮೇಜಿನ ಮೇಲೆ ಚಾಚಿ, ಕೊರಳಲ್ಲಿದ್ದ ತನ್ನ ಬಟ್ಟೆ ಟೇಪನ್ನು ತುದಿಗೆ ತುದಿ ಸೇರಿಸಿ ಪಕ್ಕದಲ್ಲಿಟ್ಟಳು. ಹೊಸದರ ನಲವತ್ನಾಲ್ಕು ಬಂದಲ್ಲಿ ತನ್ನದರಲ್ಲಿ ನಲವತ್ತೆರಡಿತ್ತು. ಎಳೆದು ಎಳೆದು ಟೇಪೇ ಹಿಗ್ಗಿಹೋಗಿತ್ತು. ಅಳತೆ ಹೊಸ ಟೇಪಿನದು, ಕತ್ತರಿಸಲು ಗುರುತು ಹಾಕಿದ್ದು ಹಳೆಯದರಿಂದ. ಬಟ್ಟೆ ದೊಗಲೆಯಾಗದೆ ಏನಾದೀತು? ನರ್ಸೂ ಸುಳ್ಳು ಬರೆದಿರಲಿಲ್ಲ. ಕತ್ತರಿ ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾದಿನಿ ಬಂದವಳು ಮೇಜು ನೋಡಿ ನಿಂತುಬಿಟ್ಟಳು.

"ಗೊತ್ತಿತ್ತಾ ನಿನಗೆ?"

"ಎರಡು ತಿಂಗಳಿಂದ ಅತ್ತಿಗೆ. ಟೇಪು ಸರಿಯಿಲ್ಲ ಅಂದ್ರೆ, ನಿಮ್ಮ ಕೈ ಸರಿಯಿಲ್ಲ ಅಂದ ಹಾಗೆ ಕೇಳಿಸುತ್ತೇನೋ ಅಂತ..."

"ನರ್ಸಿನ ಹತ್ರ ಏನು ಗುಸುಗುಸು?"

"ಇವರಿಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಿಸ್ಬೇಡಿ ಅಂದೆ."

ಕತ್ತರಿ ಅಕ್ಕನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಕಷ್ಟಪಟ್ಟು ಎದ್ದು ನಿಂತು ಎರಡೂ ತೋಳು ಎತ್ತಿದಳು. "ತೆಗಿ ಅಳತೆ. ನಿನ್ನ ಟೇಪಿಂದ."

"ನಲವತ್ನಾಲ್ಕು ಅತ್ತಿಗೆ."

"ನನ್ನ ಮುಖ ನೋಡಿ ಹೇಳ್ಬೇಡ, ಟೇಪು ನೋಡಿ ಹೇಳು."

"...ಮೇಲೆ ಅರ್ಧ."

"ಬರಿ. ತಿಂಗಳಿಗೊಂದು ಸಲ ಹೀಗೇ ಬರೀಬೇಕು. ದಾಕ್ಷಿಣ್ಯಕ್ಕೆ ಕಮ್ಮಿ ಬರೆದ್ಯೋ, ನೋಡು ಮತ್ತೆ!"

ಆಮೇಲೆ ಹಳೇ ಟೇಪನ್ನು ಕತ್ತರಿಯ ಬಾಯಿಗಿಟ್ಟಳು. ಹೆಬ್ಬೆರಳು ಚುರ್ರೆಂದಿತು. ಇನ್ನೊಮ್ಮೆ ಒತ್ತಿದಳು, ಆಗಲಿಲ್ಲ. ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ನಾದಿನಿಯ ಕಡೆ ಚಾಚಿದಳು.

"ಹಿಡಿ, ನೀನೇ ಕತ್ತರಿಸು."

ನಾದಿನಿ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಕತ್ತರಿ ತೆಗೆದುಕೊಂಡಳು.