ತಾಯಿಯ ಕಾಲಂ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕ-ತಮ್ಮನ ಜಗಳಕ್ಕೆ ಕೊನೆಮೊದಲಿಲ್ಲ. ಅಕ್ಕನದು ರೋಗಿಗಳ ದಾಖಲೆಗಳನ್ನೆಲ್ಲ ಕೂಡಿಡುವ ಡೇಟಾಬೇಸ್, ತಮ್ಮನದು ದಾದಿಯರು ನೋಡುವ ಪರದೆಗಳನ್ನು ನಡೆಸುವ ಕೋಡ್. ದಾಖಲೆಯಲ್ಲಿ ಏನೇನಿರಬೇಕೆಂಬ ನಿಯಮಗಳೆಲ್ಲ ಕೋಡಿನಲ್ಲಿರಲಿ, ಬೇಕಾದಾಗ ಬದಲಿಸಬಹುದು ಎಂದು ಇವನು. ಡೇಟಾಬೇಸಿನಲ್ಲೇ ಇರಲಿ, ಯಾರೂ ಅದರ ಕಣ್ಣು ತಪ್ಪಿಸಲಾಗದು ಎಂದು ಅವಳು. ಹಿಡಿದ ಪಟ್ಟು ಬಿಟ್ಟವಳಲ್ಲ. ಎತ್ತಿ ಆಡಿಸಿದವಳ ಮುಂದೆ ಇವನಾದರೂ ಎಷ್ಟೆಂದು ವಾದಿಸಿಯಾನು?

ಅಂದು ಬೆಳಿಗ್ಗೆ ಮಕ್ಕಳ ವಾರ್ಡಿನ ದಾದಿ ಶಾಲಿನಲ್ಲಿ ಸುತ್ತಿದ ಕೂಸನ್ನೆತ್ತಿಕೊಂಡು ನೇರ ಅಲ್ಲಿಗೇ ಬಂದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕ ಮಗು. ತಾಯಿಯ ಕಾಲಂ ಖಾಲಿಯಿದ್ದರೆ ಡೇಟಾಬೇಸ್ ದಾಖಲೆಯನ್ನು ಒಪ್ಪದು. ದಾಖಲೆಯಿಲ್ಲದೆ ಉಗ್ರಾಣದಿಂದ ಹಾಲಿನ ಪುಡಿ ಬಾರದು.

"ಅಳೋದಕ್ಕೂ ತ್ರಾಣ ಇಲ್ಲ ಇದಕ್ಕೆ. ನಿಮ್ಮ ಮಿಷನ್ನಿಗೆ ಇದರ ಅಮ್ಮ ಬೇಕಂತೆ. ನಾನೆಲ್ಲಿಂದ ತರ್ಲಿ?" ಎಂದಳು ದಾದಿ.

"ಆ ನಿಯಮ ಕಿತ್ತುಹಾಕಕ್ಕ," ಎಂದ ತಮ್ಮ. "ನನ್ನ ಪರದೇಲಿ ಒಂದು ಸಾಲು ಬರೀತೀನಿ, ಮುಗೀತು."

"ನಾಳೆ ಇನ್ಯಾರೋ ಬೇರೆ ಪರದೆ ಮಾಡ್ತಾರೆ, ಆ ಸಾಲು ಮರೀತಾರೆ. ಆಮೇಲೆ ಇಂಥ ಕೂಸುಗಳು ಯಾರಿಗೂ ಸೇರದೆ ಉಳಿದುಬಿಡ್ತವೆ ಕಣೋ."

ಅಂದಳೇನೋ ಸರಿ. ಆದರೆ ಅಕ್ಕನ ಕಣ್ಣು ಕೂಸಿನ ಒಣಗಿದ ತುಟಿಯ ಮೇಲೆ ಬಿತ್ತು. ತಾನು ಹಾಕಿದ ನಿಯಮವೇ ಈ ಹೊಟ್ಟೆಗೆ ಅಡ್ಡ ನಿಂತಿದೆಯಲ್ಲ ಎನಿಸಿ ನಾಚಿಕೆಯಾಯಿತು. ಹಳೆಯದನ್ನು ಅಳಿಸಿ, ಅಲ್ಲೇ ಡೇಟಾಬೇಸಿನಲ್ಲೇ, ಹೊಸದು ಬರೆದಳು: ತಾಯಿ, ಇಲ್ಲವೇ ಪೋಷಕರು, ಒಂದಾದರೂ ತುಂಬಿರಲೇಬೇಕು. ತಮ್ಮ ಪರದೆಗೆ ಪೋಷಕರ ಕಾಲಂ ಸೇರಿಸಿದ.

"ಪೋಷಕರು ಅಂತ ಯಾರನ್ನ ಹಾಕ್ಲಿ?" ಎಂದು ಕೇಳಿದ.

"ನನ್ನ ಹೆಸರು ಹಾಕಿ," ಎಂದಳು ದಾದಿ. "ಇದರೋರು ಯಾರಾದ್ರೂ ಬರೋ ತನಕ ಹೊಣೆ ನಂದು."

ಈ ಸಲ ಡೇಟಾಬೇಸ್ ತಕರಾರು ತೆಗೆಯಲಿಲ್ಲ. ಹಾಲು ಬಂತು. ಕೂಸು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿದು ನಿದ್ದೆ ಹೋಯಿತು; ದಾದಿ ಅದನ್ನೆತ್ತಿಕೊಂಡು ವಾರ್ಡಿಗೆ ಹೊರಟಳು.

ತಮ್ಮ ಪರದೆಯ ಮುಂದಿನಿಂದ ಏಳಲಿಲ್ಲ.

"ಅಕ್ಕ, ನಾನೂ ಇಲ್ಲೇ ಹುಟ್ಟಿದ್ದಲ್ವಾ? ನಂದೂ ದಾಖಲೆ ಇರ್ಬೇಕು."

"ಇದೆ. ಹಳೇ ಕಾಗದದ ದಾಖಲೆ ಎಲ್ಲ ಕಂಪ್ಯೂಟರಿಗೆ ಏರಿಸ್ದಾಗ ನಾನೇ ಹಾಕಿದ್ದು. ತಾಯಿ ಕಾಲಂನಲ್ಲಿ ಅಮ್ಮನ ಹೆಸರಿದೆ."

ಆ ಅಮ್ಮ ಅವನನ್ನು ಹೆತ್ತ ದಿನವೇ ಕಣ್ಣು ಮುಚ್ಚಿದ್ದಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಅಕ್ಕ ಅವನನ್ನು ಸೊಂಟದಿಂದ ಇಳಿಸಿದ್ದೇ ಇಲ್ಲ.

"ಅದಿರಲಿ. ಪೋಷಕರ ಕಾಲಂ ಖಾಲಿ ಇದೆ. ನಿನ್ನ ಹೆಸರು ಹಾಕ್ಲಾ?"

"ಒಂದಿದ್ರೆ ಸಾಕು ಕಣೋ. ಎರಡನೇದು ಡೇಟಾಬೇಸ್ ಕೇಳಲ್ಲ."

"ನಾನು ಕೇಳ್ತಿದೀನಲ್ಲಕ್ಕ."

ಅಕ್ಕನ ಕಣ್ಣು ತುಂಬಿ ಬಂತು. ವಾದಕ್ಕಿಳಿಯದೆ ಕೀಬೋರ್ಡನ್ನು ಅವನತ್ತ ಸರಿಸಿದಳು.